ಎಚ್ ಕೀಗೆ ಅಂಟಿದ ಎಣ್ಣೆ

ಆ ಕೀಬೋರ್ಡ್ ನೆನಪಾದರೆ ಈಗಲೂ ನನ್ನ ಕೈ ತಾನಾಗಿಯೇ ದುಪಟ್ಟಾದ ತುದಿಗೆ ಹೋಗುತ್ತದೆ, ಬೆರಳು ಒರೆಸಿಕೊಳ್ಳಲು. ಥೂ, ಅಂಥ ಕೊಳಕು ವಸ್ತುವನ್ನು ನಾನು ಜನ್ಮದಲ್ಲಿ ಕಂಡಿಲ್ಲ.

ಬಂಟ್ವಾಳ ಪೇಟೆಯಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ನಮ್ಮ ಸ್ಟುಡಿಯೋ ಇತ್ತು. ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಮದುವೆಯ ವೀಡಿಯೋಗಳನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಡಿವಿಡಿ ಮಾಡಿಕೊಡುವುದು ನನ್ನ ಕೆಲಸ. ನಮ್ಮ ಕಡೆ ಇದನ್ನು ಮಿಕ್ಸಿಂಗ್ ಅನ್ನುತ್ತಾರೆ. ಧಣಿಗಳಿಗೆ ಬೆಳ್ತಂಗಡಿಯಲ್ಲೂ ಮೂಡುಬಿದಿರೆಯಲ್ಲೂ ಒಂದೊಂದು ಫೋಟೋ ಅಂಗಡಿ ಇತ್ತು. ಅಲ್ಲಿನ ಮದುವೆಗಳ ಕ್ಯಾಸೆಟ್ಟುಗಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಬಸ್ ಕಂಡಕ್ಟರನ ಕೈಯಲ್ಲಿ ನಮ್ಮಲ್ಲಿಗೇ ಬರುತ್ತಿದ್ದವು. ನಾನೂ ಹಾಗೆಯೇ, ಮೂಡುಬಿದಿರೆಯಲ್ಲಿ ಕಂಪ್ಯೂಟರ್ ಕಲಿತು, ಸಿದ್ಧಕಟ್ಟೆ ಮಾರ್ಗದ ಬಸ್ಸಿನಲ್ಲಿ ದಿನಾ ಬಂಟ್ವಾಳಕ್ಕೆ ಬಂದು ಇಳಿಯುತ್ತಿದ್ದೆ.

ಮಿಕ್ಸಿಂಗಿಗೆ ಇದ್ದದ್ದು ಒಂದೇ ಕಂಪ್ಯೂಟರ್. ಬೆಳಗಿನಿಂದ ಮಧ್ಯಾಹ್ನ ಒಂದು ಗಂಟೆಯ ತನಕ ಅದರ ಮುಂದೆ ಧಣಿಗಳ ಹೆಂಡತಿಯ ತಮ್ಮ ಕೂರುತ್ತಿದ್ದ. ಒಂದರಿಂದ ಸಂಜೆಯ ತನಕ ನಾನು. ಧಣಿಗಳು ಅವನನ್ನು ಭಾವ ಎಂದು ಕರೆಯುತ್ತಿದ್ದರು, ಹಾಗಾಗಿ ಔಷಧಿ ಅಂಗಡಿಯವರಿಗೂ ಪೋಸ್ಟ್‌ಮ್ಯಾನಿಗೂ ಅವನು ಭಾವನೇ ಆಗಿದ್ದ. ಮೂವತ್ತರ ಆಸುಪಾಸು, ಮದುವೆಯಾದವ, ನೋಡಲು ಲಕ್ಷಣವಾಗಿದ್ದ. ಆದರೆ ಅವನ ಬೆರಳು! ಹತ್ತು ಗಂಟೆಗೆ ಕೆಳಗಿನ ಹೋಟೆಲಿನಿಂದ ಒಂದು ಪೊಟ್ಟಣ ಗೋಳಿಬಜೆ ಮೇಲೆ ಬರಬೇಕು. ಬಲಗೈ ಮೌಸಿನ ಮೇಲೆ ಇರುವುದರಿಂದ ಎಡಗೈಯಲ್ಲೇ ತಿನ್ನುವುದು. ಆ ಎಣ್ಣೆಗೈಯನ್ನೇ ಕೀಬೋರ್ಡಿನ ಮೇಲಿಟ್ಟು ಸಿ ಒತ್ತಿದರೆ ವೀಡಿಯೋ ತುಂಡರಿಸುವ ಕತ್ತರಿ, ವಿ ಒತ್ತಿದರೆ ತುಂಡನ್ನು ಹಿಡಿದು ಸರಿಸುವ ಬಾಣ. ಆಮೇಲೆ ಒಂದು ಬೀಡಾ. ನಾನು ಹೋಗಿ ಕೂರುವಾಗ ಕೀಬೋರ್ಡಿನ ಎಡಭಾಗ ಹಪ್ಪಳ ಕರಿದ ಜಾಲರಿಯ ಹಾಗೆ ಮಿರಮಿರ ಮಿಂಚುತ್ತಿತ್ತು. ಸಂದಿಯಲ್ಲಿ ಅಡಿಕೆಯ ಚೂರು ಬೇರೆ.

ಎರಡು ವಾರ ಹತ್ತಿ, ಸ್ಪಿರಿಟ್ ಹಿಡಿದುಕೊಂಡು ತಿಕ್ಕಿದೆ. ಒಂದು ದಿನ ಹೇಳಿಯೂ ನೋಡಿದೆ. ‘ಅಣ್ಣ, ತಿಂದು ಕೈ ತೊಳೆದು ಕೂತ್ರೆ ಆಗುದಿಲ್ವಾ?’ ಎಂದದ್ದಕ್ಕೆ, ‘ಎಂತ ಮಾರಾಯ್ತಿ, ನೀನೇನು ಕೀಬೋರ್ಡ್ ನೆಕ್ಕುದಾ?’ ಎಂದು ಹಲ್ಲು ಬಿಟ್ಟ. ಆ ಹಲ್ಲಿನಲ್ಲೂ ಬೀಡಾದ ಕೆಂಪು.

ಆಗ ನನಗೆ ಸಿಕ್ಕಿದ ಉಪಾಯವೇ ಶಾರ್ಟ್‌ಕಟ್ ಬದಲಿಸುವುದು. ಆ ಸಾಫ್ಟ್‌ವೇರಿನಲ್ಲಿ ಒಂದು ಪಟ್ಟಿ ತೆರೆದುಕೊಳ್ಳುತ್ತಿತ್ತು. ಒಂದು ಬದಿಯಲ್ಲಿ ಕೆಲಸದ ಹೆಸರು, ಇನ್ನೊಂದು ಬದಿಯಲ್ಲಿ ಅದಕ್ಕೆ ಯಾವ ಕೀ ಎಂದು. ಕೀಯನ್ನು ಬೇಕಾದ ಹಾಗೆ ಬದಲಿಸಿ, ಇಡೀ ಪಟ್ಟಿಗೆ ಒಂದು ಹೆಸರು ಕೊಟ್ಟು ಉಳಿಸಿಕೊಳ್ಳಬಹುದು. ಬೇರೆಯವರು ಇದನ್ನು ಕೆಲಸ ಬೇಗ ಆಗಲಿ ಎಂದು ಮಾಡುತ್ತಾರೆ. ನಾನು ಮಾಡಿದ್ದು ಹೇಸಿಗೆಯಿಂದ. ಅವನು ಮುಟ್ಟುವ ಕೀಗಳೆಲ್ಲ ಎಡಕ್ಕೆ; ನನ್ನ ಕೆಲಸಗಳನ್ನೆಲ್ಲ ನಾನು ಬಲಕ್ಕೆ ಸಾಗಿಸಿದೆ. ಕತ್ತರಿಸಲು ಪಿ, ಬೇಡದ ತುಂಡನ್ನು ತೆಗೆದು ಸಂದು ಮುಚ್ಚಲು ಓ, ಹಿಂದೆ ಮುಂದೆ ಹೋಗಲು ಜೆ, ಕೆ, ಎಲ್. ಮೌಸ್ ನನ್ನದೇ ಒಂದನ್ನು ಬ್ಯಾಗಿನಲ್ಲಿ ತರುತ್ತಿದ್ದೆ, ಅದನ್ನು ಎಡಗೈಯಲ್ಲಿ ಹಿಡಿಯಲು ಒಂದು ತಿಂಗಳು ಕಷ್ಟಪಟ್ಟು ಕಲಿತೆ. ಪಟ್ಟಿಗೆ ‘ಮಡಿ’ ಎಂದು ಹೆಸರಿಟ್ಟೆ. ನಮ್ಮ ಮನೆಯಲ್ಲಿ ಮಡಿಯೂ ಇಲ್ಲ ಮೈಲಿಗೆಯೂ ಇಲ್ಲ, ಆದರೆ ಆ ಕೀಬೋರ್ಡಿನ ಮುಂದೆ ನಾನು ಪಕ್ಕಾ ಮಡಿವಂತೆ.

ಮಧ್ಯಾಹ್ನ ಒಂದಕ್ಕೆ ಪಟ್ಟಿಯನ್ನು ನನ್ನದಕ್ಕೆ ಬದಲಿಸುವುದು, ಸಂಜೆ ಏಳುವಾಗ ಮತ್ತೆ ಅವನದಕ್ಕೆ ತಿರುಗಿಸಿಡುವುದು. ಎಂದಾದರೂ ಮರೆತರೆ ಮರುದಿನ ಬೆಳಿಗ್ಗೆ ಅವನು ಸಿ ಒತ್ತಿ ಒತ್ತಿ, ಏನೂ ಆಗದೆ, ನನ್ನ ವಂಶವನ್ನೆಲ್ಲ ಬೈದನೆಂದು ಧಣಿಗಳು ನಗುತ್ತಾ ಹೇಳುತ್ತಿದ್ದರು. ಬೈದರೆ ಬೈಯಲಿ. ನನಗೆ ಒಳಗೊಳಗೆ ಖುಷಿಯೇ ಆಗುತ್ತಿತ್ತು.

ಕೆಲಸವೂ ಅಸಹ್ಯವೇ ಬಿಡಿ. ಮದುಮಗನ ಮುಖವನ್ನು ಹೃದಯದ ಆಕಾರದಲ್ಲಿ ಕತ್ತರಿಸಿ ಜಲಪಾತದ ಮೇಲೆ ತೇಲಿಸಬೇಕು. ಊಟದ ಪಂಕ್ತಿಯ ಮೇಲೆ ಗುಲಾಬಿ ಎಸಳು ಉದುರಬೇಕು, ಸಾಂಬಾರಿನೊಳಗೆ ಬಿದ್ದರೂ ಪರವಾಗಿಲ್ಲ. ಇದನ್ನೆಲ್ಲ ಭಾವ ಮಾಡುತ್ತಿದ್ದ. ನನ್ನ ಪಾಲಿಗೆ ಇದ್ದದ್ದು ಬೇರೆ ಒಂದು ಕೆಲಸ, ಅದರಲ್ಲಿ ನನಗೆ ಹೆಮ್ಮೆಯೂ ಇತ್ತು.

ಬ್ಯಾರಿ ಮನೆಗಳ, ಅಂದರೆ ನಮ್ಮ ಕರಾವಳಿಯ ಮುಸ್ಲಿಮರ ಮನೆಗಳ ಮದುವೆಯಲ್ಲಿ ಹೆಂಗಸರ ಕಡೆಯ ವೀಡಿಯೋವನ್ನು ಹೆಂಗಸೇ ತೆಗೆಯಬೇಕು, ಹೆಂಗಸೇ ಮಿಕ್ಸಿಂಗ್ ಮಾಡಬೇಕು. ಆ ಡಿವಿಡಿ ಮನೆಯ ಹೆಂಗಸರ ಕೈಯಿಂದ ಆಚೆ ಹೋಗುವುದಿಲ್ಲ. ಬಂಟ್ವಾಳದಿಂದ ಮಾಣಿಯ ತನಕ ಇಂಥ ಕೆಲಸಕ್ಕೆ ನನ್ನನ್ನೇ ಕರೆಯುತ್ತಿದ್ದರು. ಕ್ಯಾಮರಾ ಹಿಡಿದು ನಾನು ಒಳಗೆ ಹೋದ ಮೇಲೆ ಬಾಗಿಲು ಹಾಕಿಕೊಳ್ಳುತ್ತಿತ್ತು. ಆಮೇಲೆ ಅಲ್ಲಿ ಏಳುವ ನಗು ಇದೆಯಲ್ಲ, ಅದನ್ನು ಹೊರಗಿನ ಗಂಡಸರು ಯಾರೂ ಕೇಳಿರಲಿಕ್ಕಿಲ್ಲ.

ಆ ಮದುವೆ ನಮ್ಮ ಸ್ಟುಡಿಯೋದಿಂದ ನಾಲ್ಕು ಹೆಜ್ಜೆ ದೂರದ, ಹೊಳೆ ಬದಿಯ ಒಂದು ಮನೆಯದು. ಮದುಮಗಳ ತಂದೆಗೆ ಪೇಟೆಯಲ್ಲಿ ಬಟ್ಟೆ ಅಂಗಡಿ. ನಾಲ್ಕು ಗಂಡುಮಕ್ಕಳ ನಡುವೆ ಒಬ್ಬಳೇ ಮಗಳು, ಮದುವೆಯಾಗಿ ತಿಂಗಳೊಳಗೆ ದುಬೈಗೆ ಹೊರಡುವವಳು. ತಾಯಿಗೆ ಐವತ್ತರ ಹತ್ತಿರ, ಮಂಡಿನೋವು, ಮೆಲುಮಾತಿನ ಹೆಂಗಸು. ಮೈಲಾಂಜಿಯ ದಿನ, ಅಂದರೆ ಮದುಮಗಳ ಕೈಗೆ ಮದರಂಗಿ ಹಚ್ಚುವ ದಿನ, ಹೆಂಗಸರೆಲ್ಲ ಚಪ್ಪಾಳೆ ತಟ್ಟುತ್ತಾ ಸುತ್ತು ಕಟ್ಟಿ ಹಾಡತೊಡಗಿದರು. ಮಗಳು ತಾಯಿಯನ್ನು ಎಳೆದಳು. ತಾಯಿ ಕ್ಯಾಮರಾ ನೋಡಿ ಹಿಂದೆ ಸರಿದರು.

ಅವರೂ ನಾನೂ ತುಳುವಿನಲ್ಲೇ ಮಾತಾಡುತ್ತಿದ್ದದ್ದು. ಅದನ್ನು ಇಲ್ಲಿ ನಮ್ಮೂರ ಕನ್ನಡದಲ್ಲಿ ಬರೆಯುತ್ತಿದ್ದೇನೆ.

‘ಬೇಡ ಮಗಳೇ, ಅದರಲ್ಲಿ ಬರ್ತದೆ’ ಎಂದರು.

‘ಬರ್ಲಿ ಅಮ್ಮ’ ಎಂದೆ ನಾನು. ‘ನಾನೊಬ್ಬಳೇ ನೋಡುದು. ಮತ್ತೆ ನಿಮ್ಮ ಮಗಳು. ಇನ್ಯಾರ ಕಣ್ಣಿಗೂ ಬೀಳುದಿಲ್ಲ, ನಾನು ಹೇಳ್ತೇನಲ್ಲ.’

ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ತಲೆಯ ಮೇಲಿನ ಬಟ್ಟೆಯನ್ನು ತೆಗೆದು ಸೊಂಟಕ್ಕೆ ಬಿಗಿದು ಸುತ್ತಿನೊಳಗೆ ನುಗ್ಗಿದರು ನೋಡಿ! ಮಂಡಿನೋವು ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಮುಡಿ ಬಿಚ್ಚಿತು, ಉಸಿರು ಕಟ್ಟಿತು, ಆದರೂ ನಿಲ್ಲಿಸಲಿಲ್ಲ. ಮಗಳು ಮದರಂಗಿಯ ಕೈಯನ್ನು ಎತ್ತಿಹಿಡಿದುಕೊಂಡು ನಗುತ್ತಾ ಅಳುತ್ತಿದ್ದಳು. ಕುಣಿತ ಮುಗಿದ ಮೇಲೆ ತಾಯಿ ಏದುಸಿರಿನಲ್ಲಿ ನನ್ನ ಬಳಿ ಬಂದು, ‘ಅದನ್ನು ತೆಗೀಬೇಡ ಆಯ್ತಾ. ಅಲ್ಲಿ ಇವಳಿಗೆ ಬೇಜಾರಾದಾಗ ನೋಡ್ಲಿ, ಅಮ್ಮ ಹೀಗೂ ಇದ್ಲು ಅಂತ’ ಎಂದರು.

ಮರುವಾರ ಮಿಕ್ಸಿಂಗ್ ಶುರುವಾಯಿತು. ಆ ಅಮ್ಮ ಕ್ಯಾಸೆಟ್ಟನ್ನು ನನ್ನ ಕೈಯಲ್ಲೂ ಬಿಡಲಿಲ್ಲ. ದಿನಾ ಎರಡು ಗಂಟೆಗೆ ಬುರ್ಖಾ ಹಾಕಿಕೊಂಡು ಮಾಳಿಗೆ ಹತ್ತಿ ಬರುವುದು, ಕೈಚೀಲದಿಂದ ಕರವಸ್ತ್ರದಲ್ಲಿ ಕಟ್ಟಿದ ಕ್ಯಾಸೆಟ್ ತೆಗೆದು ಮೇಜಿನ ಮೇಲಿಡುವುದು, ನನ್ನ ಪಕ್ಕ ಸ್ಟೂಲಿನಲ್ಲಿ ಕೂತು ತಸ್ಬಿಯ ಜಪಮಣಿ ಎಣಿಸುವುದು. ನಾನು ಎದ್ದಾಗ ಕ್ಯಾಸೆಟ್ ಮತ್ತೆ ಕರವಸ್ತ್ರದೊಳಗೆ, ಕರವಸ್ತ್ರ ಕೈಚೀಲದೊಳಗೆ. ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹೋಗುತ್ತಿದ್ದರು.

ನಿಜ ಹೇಳಬೇಕೆಂದರೆ ಕ್ಯಾಸೆಟ್ಟಿನ ಕೆಲಸ ಮೊದಲ ದಿನವೇ ಮುಗಿದಿತ್ತು. ಅದರಲ್ಲಿದ್ದದ್ದೆಲ್ಲ ಕಂಪ್ಯೂಟರಿನೊಳಗೆ ಇಳಿದಾಗಿತ್ತು. ಅವರು ಮನೆಗೆ ಒಯ್ಯುತ್ತಿದ್ದದ್ದು ಬರೀ ಡಬ್ಬಿ. ಮದುವೆ ಮನೆ ಪೂರ್ತಿ ಆ ಎಣ್ಣೆ ಕೀಬೋರ್ಡಿನ ಹಿಂದೆ, ಪಾಸ್‌ವರ್ಡ್ ಕೂಡ ಇಲ್ಲದ ಕಂಪ್ಯೂಟರಿನಲ್ಲಿ ಇತ್ತು. ಇದನ್ನು ನಾನು ಅವರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಅವರ ಸಮಾಧಾನಕ್ಕೆ ಕ್ಯಾಸೆಟ್ ಒಯ್ಯಲಿ ಎಂದುಕೊಂಡೆ. ಅದಕ್ಕಿಂತ ನಾಚಿಕೆಯ ಮಾತೆಂದರೆ, ಕಂಪ್ಯೂಟರ್ ಕಲಿತ ನನಗೂ ಕರವಸ್ತ್ರದ ಆ ಗಂಟು ನೋಡಿ ನೋಡಿ ಎಲ್ಲ ಭದ್ರವಾಗಿದೆ ಅನ್ನಿಸಿಬಿಟ್ಟಿತ್ತು.

ನಾಲ್ಕನೆಯ ದಿನ ಇರಬೇಕು. ಅವತ್ತು ಅಮ್ಮನಿಗೆ ಮಂಡಿ ಊದಿ ಬಂದಿರಲಿಲ್ಲ. ನಾನು ಕೂತು ನೋಡಿದರೆ ಮಡಿ ಪಟ್ಟಿ ಮೊದಲೇ ಹಾಕಿಕೊಂಡಿತ್ತು, ಹಾಗೇ ಕೆಲಸ ಶುರುಮಾಡಿದೆ. ಜೆ ಒತ್ತಲು ಹೋದ ಬೆರಳು ಪಕ್ಕದ ಎಚ್ ಮೇಲೆ ಬಿತ್ತು. ಜಿಡ್ಡು! ಬೆರಳನ್ನು ಎತ್ತಿ ಬೆಳಕಿಗೆ ಹಿಡಿದೆ. ಗೋಳಿಬಜೆಯ ಎಣ್ಣೆಯೇ. ಎಚ್ ನನ್ನ ಬದಿಯ ಕೀ. ಅವನಿಗೆ ಅಲ್ಲಿ ಏನೂ ಕೆಲಸ ಇರಲಿಲ್ಲ. ನಾನೂ ಅದಕ್ಕೆ ಏನನ್ನೂ ಕೊಡದೆ ಖಾಲಿ ಬಿಟ್ಟಿದ್ದೆ.

ಇಷ್ಟು ಯೋಚಿಸುವುದರೊಳಗೆ ಪರದೆಯ ಮೇಲೆ ಒಂದು ಕಿಟಕಿ ತೆರೆದುಕೊಂಡಿತ್ತು. ಈ ಚಿತ್ರವನ್ನು ಯಾವ ಹೆಸರಿನಲ್ಲಿ ಉಳಿಸಬೇಕು ಎಂದು ಅದು ಕೇಳುತ್ತಿತ್ತು. ಓಡುವ ವೀಡಿಯೋದಿಂದ ಒಂದೇ ಒಂದು ಚಿತ್ರವನ್ನು ಫೋಟೋದ ಹಾಗೆ ತೆಗೆದುಕೊಳ್ಳುವ ಸೌಕರ್ಯ ಆ ಸಾಫ್ಟ್‌ವೇರಿನಲ್ಲಿ ಉಂಟು, ಅದಕ್ಕೆ ಮೂರು ಕೀಗಳನ್ನು ಒಟ್ಟಿಗೆ ಒತ್ತಬೇಕು. ವರ್ಷಕ್ಕೆ ಒಂದೆರಡು ಸಲ ಮಾಡುವ ಕೆಲಸ. ಮೂರು ಕೀಯ ಕೆಲಸವನ್ನು ಒಂದೇ ಕೀಗೆ ಯಾರು ತರುತ್ತಾರೆ? ಅದನ್ನು ಮತ್ತೆ ಮತ್ತೆ, ಪುರುಸೊತ್ತಿಲ್ಲದೆ ಮಾಡುವವನು. ಅದೂ ಅವನ ಪಟ್ಟಿಯಲ್ಲಿ ಅಲ್ಲ, ನನ್ನ ಪಟ್ಟಿಯಲ್ಲಿ. ಹಿಂದಿನ ಸಂಜೆ ನಾನು ಪಟ್ಟಿ ತಿರುಗಿಸಿಡಲು ಮರೆತಿದ್ದೆ. ಅವನಿಗೆ ಅದನ್ನು ಬದಲಿಸುವಷ್ಟೂ ತಾಳ್ಮೆ ಇರಲಿಲ್ಲ.

ಆ ಕಿಟಕಿ ಯಾವಾಗಲೂ ಕಳೆದ ಬಾರಿ ಚಿತ್ರ ಉಳಿಸಿದ ಜಾಗವನ್ನೇ ತೋರಿಸುತ್ತದೆ. ತೋರಿಸಿತು. ಫೋಲ್ಡರಿನ ಹೆಸರು ‘ಕರೆಂಟ್ ಬಿಲ್’. ಒಳಗೆ ಚಿತ್ರಗಳ ಸಾಲು, ಇಳಿಸಿದಷ್ಟೂ ಇತ್ತು. ಮದುಮಗಳದ್ದು ಕಡಿಮೆ. ಕನ್ನಡಿಯ ಮುಂದೆ ತಲೆ ಬಾಚುವ ಚಿಕ್ಕಮ್ಮನ ಬೆನ್ನು. ಬಗ್ಗಿ ಚಾಪೆ ಹಾಸುವ ನೆಂಟರ ಹೆಂಗಸು. ಸೆಖೆಗೆ ಕುತ್ತಿಗೆ ಒರೆಸಿಕೊಳ್ಳುವ ಇನ್ನೊಬ್ಬಳು. ಮತ್ತೆ ಆ ಅಮ್ಮ, ಬಟ್ಟೆ ಸೊಂಟಕ್ಕೆ ಬಿಗಿದು, ಮುಡಿ ಬಿಚ್ಚಿ, ಬಾಯಿ ತುಂಬ ನಗುತ್ತಾ. ಅವರದ್ದೊಂದೇ ಏಳೆಂಟು.

ಛೀ! ನಾನು ಎದ್ದು ಬಚ್ಚಲಿಗೆ ಹೋದೆ. ಕೈಯನ್ನು ಸೋಪು ಹಾಕಿ ಮೂರು ಸಲ ತೊಳೆದೆ. ಕ್ಯಾಮರಾ ಹಿಡಿದ ಕೈಯೂ ಅದೇ ಎಂಬುದು ಆಮೇಲೆ ಹೊಳೆಯಿತು.

ಧಣಿಗಳಿಗೆ ಫೋನು ಮಾಡಿದೆ. ಅವರು ಭಾವನನ್ನೂ ಕರೆದುಕೊಂಡು ಬಂದರು. ಪರದೆಯನ್ನು ಅವರ ಕಡೆ ತಿರುಗಿಸಲಿಲ್ಲ, ಅವರೂ ನೋಡುವುದು ಬೇಡ ಎಂದು. ಬಾಯಲ್ಲೇ ಹೇಳಿದೆ.

ಭಾವನ ಮುಖ ಒಂದಿಷ್ಟೂ ಬಾಡಲಿಲ್ಲ. ‘ಅದು ಆಲ್ಬಮ್ಮಿಗೆ ಅಂತ ತೆಗ್ದದ್ದು’ ಎಂದ.

‘ತಲೆ ಬಾಚುವ ಹೆಂಗಸಿನ ಬೆನ್ನು ಯಾವ ಆಲ್ಬಮ್ಮಿಗೆ?’ ಎಂದೆ.

‘ಎಂತದಾ ಇವಳದ್ದು, ದೊಡ್ಡ ಪೊಲೀಸು!’ ಎಂದು ಧಣಿಗಳ ಕಡೆ ತಿರುಗಿ ನಕ್ಕ.

‘ಸಿಡಿಗೆ ಹಾಕಿದ್ದೀಯಾ? ಯಾರಿಗಾದ್ರೂ ಕೊಟ್ಟಿದ್ದೀಯಾ?’ ಎಂದು ಕೇಳಿದೆ.

‘ನನಗೆ ಬೇರೆ ಕೆಲಸ ಇಲ್ವಾ?’ ಎಂದ. ಇದು ಹೌದೂ ಅಲ್ಲ, ಇಲ್ಲವೂ ಅಲ್ಲ. ನಾನು ಮತ್ತೆ ಕೇಳಿದೆ, ಮತ್ತೆ ಅದನ್ನೇ ಹೇಳಿದ.

ಧಣಿಗಳು ಬಾಗಿಲು ಹಾಕಿಕೊಂಡು ಬಂದರು. ದನಿ ತಗ್ಗಿಸಿ, ‘ನೋಡು ಮಗಾ, ಎಲ್ಲ ಡಿಲೀಟ್ ಮಾಡಿ ಬಿಡು. ಅಲ್ಲಿಗೆ ಮುಗೀತು. ಇದು ಹೊರಗೆ ಹೋದ್ರೆ ಏನಾಗ್ತದೆ ಅಂತ ನಿನಗೆ ಗೊತ್ತುಂಟು. ಹಿಂದೂ ಮುಸ್ಲಿಂ ಅಂತ ನಮ್ಮೂರಿನ ಹವೆ ಹೇಗುಂಟು ಅಂತ ನೀನು ನೋಡುದಿಲ್ವಾ? ನಾಳೆ ಅಂಗಡಿ ಇರ್ಲಿಕ್ಕಿಲ್ಲ. ಅಂಗಡಿ ಹೋಗ್ಲಿ, ಯಾರ್ಯಾರ ಮನೆ ಮಕ್ಕಳು ಎಲ್ಲೆಲ್ಲಿ ಪೆಟ್ಟು ತಿನ್ನುದೋ’ ಎಂದರು.

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ನನಗೆ ಹೆಚ್ಚು ಅಸಹ್ಯ ತಂದದ್ದು. ಊರಿನ ನಿಜವಾದ ಭಯವನ್ನು ತಂದು ಆ ಎಣ್ಣೆಗೈಯವನಿಗೆ ಕೊಡೆ ಹಿಡಿದರು. ನಾನೂ ಹೆದರಿದೆ. ಫೋಲ್ಡರನ್ನು ಅಳಿಸಿದೆ, ಕಸದ ಬುಟ್ಟಿಯಿಂದಲೂ ಅಳಿಸಿದೆ. ಎಚ್ ಕೀಗೆ ಅವನು ಕೊಟ್ಟಿದ್ದ ಕೆಲಸವನ್ನು ಪಟ್ಟಿಯಿಂದ ತೆಗೆದೆ. ಎರಡು ದಿನ ಬೆಳಗಿನಿಂದಲೇ ಬಂದು ಕೂತು, ಅವನನ್ನು ಹತ್ತಿರ ಬರಗೊಡದೆ ಆ ಮದುವೆಯ ಮಿಕ್ಸಿಂಗ್ ಮುಗಿಸಿದೆ. ಡಿವಿಡಿ ಮಾಡಿ, ಕಂಪ್ಯೂಟರಿನಲ್ಲಿದ್ದ ತುಂಡುಗಳನ್ನೂ ಅಳಿಸಬೇಕೆಂದಿದ್ದೆ. ಅಮ್ಮ ನೋಡಿ ಸರಿ ಎಂದ ಮೇಲೆ ಅಳಿಸುವ ಎಂದು ಬಿಟ್ಟೆ. ಅಷ್ಟು ಹೊತ್ತೂ ಧಣಿಗಳ ಹೆಂಡತಿ ನನ್ನ ಪಕ್ಕ ಕುರ್ಚಿ ಹಾಕಿ ಕಾವಲು ಕೂತಿದ್ದರು. ಅವರಿಗೆ ತಮ್ಮನ ಗುಣ ಮೊದಲೇ ಗೊತ್ತಿತ್ತೇನೋ.

ಡಿವಿಡಿ ಹಿಡಿದುಕೊಂಡು ಹೊಳೆ ಬದಿಯ ಮನೆಗೆ ಹೋದೆ. ಮಧ್ಯಾಹ್ನದ ಹೊತ್ತು, ಗಂಡಸರು ಅಂಗಡಿಗೆ ಹೋಗಿದ್ದರು, ಮಗಳು ಗಂಡನ ಮನೆಯಲ್ಲಿದ್ದಳು. ಅಮ್ಮ ಚಿಲಕ ಹಾಕಿ ಬಂದು ಡಿವಿಡಿ ಹಾಕಿಸಿದರು. ಕುಣಿತ ಬಂತು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಬೆರಳ ಸಂದಿಯಿಂದ ನೋಡಿ, ‘ಅಯ್ಯೋ ಅಲ್ಲಾಹ್, ಇದು ನಾನಾ? ಯಾವ ಹುಚ್ಚಿ ಇದು!’ ಎಂದು ನಕ್ಕು ನಕ್ಕು ಕೆಮ್ಮಿದರು. ‘ಅವಳು ಅಲ್ಲಿ ಇದನ್ನು ಹಾಕಿ ಹಾಕಿ ನೋಡ್ತಾಳೆ ನೋಡು’ ಎಂದರು. ಆಮೇಲೆ ನನ್ನ ಕೈ ಹಿಡಿದು, ‘ಬೇರೆ ಯಾರೂ ನೋಡ್ಲಿಲ್ಲ ಅಲ್ವಾ?’ ಎಂದು ಕೇಳಿದರು.

‘ಇಲ್ಲ ಅಮ್ಮ’ ಎಂದೆ. ಎಷ್ಟು ಸಲೀಸಾಗಿ ಬಂತು ಬಾಯಿಂದ! ಆ ಕ್ಷಣ ನನಗೆ ಭಾವನಿಗಿಂತ ನನ್ನ ಮೇಲೇ ಹೇಸಿಗೆ ಹುಟ್ಟಿತು.

‘ನನಗೆ ಗೊತ್ತಿತ್ತು’ ಎಂದರು. ‘ಬೆಳ್ತಂಗಡಿಯಲ್ಲಿ ನನ್ನ ತಂಗಿಯ ಮಗಳದ್ದು ಬರುವ ತಿಂಗಳು ಉಂಟು. ಅವರಿಗೆ ವೀಡಿಯೋ ಅಂದ್ರೆ ಹೆದರಿಕೆ. ನಾನೇ ಹೇಳಿದೆ, ಈ ಹುಡುಗಿಯ ಕೈಯಲ್ಲಿ ಕೊಡಿ, ಎಂತದೂ ಹೆದರ್ಬೇಡಿ, ನಾನೇ ಕುಣಿದಿದ್ದೇನೆ ಅಂತ.’

‘ಬೇಡ ಅಮ್ಮ’ ಎಂದೆ. ‘ಅವರು ಕೊಡುದು ಬೇಡ.’

ಅವರ ಕೈ ನನ್ನ ಕೈಯ ಮೇಲೆ ಹಾಗೇ ನಿಂತಿತು. ಟಿವಿಯಲ್ಲಿ ಚಪ್ಪಾಳೆ ನಡೆಯುತ್ತಲೇ ಇತ್ತು. ಯಾಕೆ ಎಂದು ಕೇಳಲಿಲ್ಲ. ಯಾರು ಎಂದೂ ಕೇಳಲಿಲ್ಲ. ನನ್ನ ಮುಖ ನೋಡಿ, ‘ನನ್ನದನ್ನೂ ನೋಡಿದ್ದಾರಾ?’ ಎಂದರು.

ನಾನು ಹೌದೆಂದು ತಲೆಯಾಡಿಸಿದೆ.

ಅವರು ಬಯ್ಯುತ್ತಾರೆ ಎಂದು ಕಾದೆ, ಹೊಡೆದರೂ ಆಗಬಹುದಿತ್ತು. ಎದ್ದು ಹೋಗಿ ಟಿವಿ ಆರಿಸಿದರು. ಡಿವಿಡಿಯನ್ನು ತೆಗೆದು ನನ್ನ ಕೈಗೆ ಕೊಟ್ಟರು. ‘ಮನೆಯಲ್ಲಿ ಹೇಳುವ ಹಾಗಿಲ್ಲ, ನಾಲ್ಕು ಜನ ಗಂಡುಮಕ್ಕಳು ಇದ್ದಾರೆ ನಮ್ಮಲ್ಲಿ, ಗೊತ್ತಾದ್ರೆ ಸುಮ್ಮನೆ ಕೂರ್ಲಿಕ್ಕಿಲ್ಲ’ ಎಂದರು. ಆಮೇಲೆ, ‘ಕುಣಿದದ್ದನ್ನು ತೆಗ್ದು ಕೊಡು. ಅದಿಲ್ಲದೆ ಮಾಡಿ ಕೊಡು’ ಎಂದರು.

‘ಮಗಳಿಗೆ ಬೇಕು ಅಂದಿದ್ರಿ…’

‘ತೆಗಿ’ ಎಂದರು.

ಅವತ್ತೇ ಹೋಗಿ ಕೂತೆ. ಪಿ ಒತ್ತಿದೆ, ಕುಣಿತದ ಮೊದಲಿಗೆ ಒಂದು ಗೆರೆ ಬಿತ್ತು. ಮತ್ತೆ ಪಿ, ಕೊನೆಗೆ ಒಂದು ಗೆರೆ. ಓ ಒತ್ತಿದೆ. ಸಂದು ಮುಚ್ಚಿಕೊಂಡಿತು. ಮದರಂಗಿ ಹಚ್ಚಿದ ಕೈ, ಅದರ ಹಿಂದೆಯೇ ಊಟದ ಪಂಕ್ತಿ. ಗೊತ್ತಿಲ್ಲದವರಿಗೆ ನಡುವೆ ಏನೋ ಇತ್ತು ಅಂತಲೇ ತಿಳಿಯುವುದಿಲ್ಲ, ನನ್ನ ಕೆಲಸ ಅಷ್ಟು ಚೊಕ್ಕ. ಆಮೇಲೆ ಆ ಮದುವೆಯ ಒಂದೊಂದು ತುಂಡನ್ನೂ ಕಂಪ್ಯೂಟರಿನಿಂದ ಅಳಿಸಿದೆ, ಅಮ್ಮ ಹಿಂದೆ ಕೊಟ್ಟ ಡಿವಿಡಿಯನ್ನು ಮುರಿದು ಹಾಕಿದೆ. ತಿಂಗಳ ಕೊನೆಗೆ ಕೆಲಸವನ್ನೂ ಬಿಟ್ಟೆ.

ಮರುದಿನ ಹೊಸ ಡಿವಿಡಿ ಕೊಡಲು ಹೋದಾಗ ಅಮ್ಮ ನನ್ನನ್ನು ಒಳಗೆ ಕರೆಯಲಿಲ್ಲ. ಬಾಗಿಲಿನ ಹತ್ತಿರವೇ ತೆಗೆದುಕೊಂಡರು. ಕ್ಯಾಸೆಟ್ಟನ್ನು ಬಚ್ಚಲಿನ ಒಲೆಗೆ ಹಾಕಿದೆ ಎಂದು ಅವರಾಗಿಯೇ ಹೇಳಿದರು.

ಹಾಗಾಗಿ ದುಬೈಗೆ ಹೋದ ಮಗಳ ಹತ್ತಿರ ಅಮ್ಮ ಕುಣಿದದ್ದು ಇಲ್ಲ. ಅಮ್ಮನ ಹತ್ತಿರವೂ ಇಲ್ಲ. ಅವನ ಹತ್ತಿರ ಉಂಟೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.